ಓವರ್‌ಡ್ರೈವ್ ಹಿಡಿಯುತ್ತಿಲ್ಲವಾ? ಸೊಲೆನಾಯ್ಡ್ ಬಿಚ್ಚುವ ಮೊದಲು ಆಂಪಿಯರ್ ನೋಡಿ

ಹಳೇ ಬ್ರಿಟಿಷ್ ಕಾರಿನ ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಕೈಕೊಟ್ಟಿತು ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು: 'ಸೊಲೆನಾಯ್ಡ್ ಹೋಗಿರಬೇಕು.' ಸೊಲೆನಾಯ್ಡ್ ಅಂದರೆ ಕರೆಂಟ್ ಕೊಟ್ಟಾಗ ಒಳಗಿನ ಕಡ್ಡಿಯನ್ನು (ಪ್ಲಂಜರ್) ಎಳೆಯುವ ವೈರಿನ ಸುರುಳಿ. ದುಡ್ಡು ಕೊಟ್ಟು ಹೊಸದು ತರಿಸುತ್ತಾರೆ, ಕಾರಿನ ಕೆಳಗೆ ಮಲಗಿ ಹಾಕುತ್ತಾರೆ. ಆಮೇಲೂ ಹಿಡಿಯುವುದಿಲ್ಲ. ನಾನು ಕಂಡಂತೆ ತೊಂದರೆ ಜಾಸ್ತಿ ಇರುವುದು ವೈರಿನಲ್ಲಿ, ಇಲ್ಲವೇ ಎಣ್ಣೆಯಲ್ಲಿ. ಯಾವುದರಲ್ಲಿ ಅಂತ ತಿಳಿಯಲು ಒಂದು ಮೀಟರ್ ಸಾಕು, ಏನನ್ನೂ ಬಿಚ್ಚಬೇಕಾಗಿಲ್ಲ.

ನನ್ನದು 1978ರ ಟ್ರಯಂಫ್ ಸ್ಪಿಟ್‌ಫೈರ್ 1500. ನಾವಿರುವುದು ಕವೆಂಟ್ರಿಯಲ್ಲಿ. ಈ ಕಾರನ್ನು ಜೋಡಿಸಿದ ಕ್ಯಾನ್ಲಿ ಕಾರ್ಖಾನೆ ಇದ್ದದ್ದೂ ಇದೇ ಊರಲ್ಲಿ. ಮೈಸೂರಿನಲ್ಲಿ ನಮ್ಮ ಸೋದರಮಾವನ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು, ಮದ್ರಾಸಿನಲ್ಲಿ ತಯಾರಾದದ್ದು. ಸ್ಪಿಟ್‌ಫೈರ್ ಅದೇ ಹೆರಾಲ್ಡಿನ ಚಾಸಿಯಿಂದ ಬಂದ ಕಾರು. ಇಲ್ಲಿ ಒಂದು ಸ್ಪಿಟ್‌ಫೈರಿನ ಬಾನೆಟ್ ಇಡೀ ಮೂತಿಯ ಸಮೇತ ಮುಂದಕ್ಕೆ ಮಗುಚಿದ್ದನ್ನು ನೋಡಿದ ಮೇಲೆ ಮನಸ್ಸು ತಡೆಯಲಿಲ್ಲ, ಕೊಂಡುಬಿಟ್ಟೆ. ಮಾವನ ಕಾರಿನಲ್ಲಿ ಓವರ್‌ಡ್ರೈವ್ ಇರಲಿಲ್ಲ. ಹಾಗಾಗಿ ಈ ವಿದ್ಯೆ ಕಲಿತದ್ದೆಲ್ಲ ಇಲ್ಲೇ, ಹ್ಯಾಂಡ್‌ಬುಕ್ ಮತ್ತು ಮೀಟರ್ ಇಟ್ಟುಕೊಂಡು.

ಮೊದಲು ಇದು ಏನು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಶೆಫೀಲ್ಡಿನ ಲೇಕಾಕ್ ಕಂಪನಿ ಮಾಡುತ್ತಿದ್ದ ಲೇಕಾಕ್ ಡಿ ನಾರ್ಮನ್‌ವಿಲ್ ಓವರ್‌ಡ್ರೈವ್ ಗೇರ್‌ಬಾಕ್ಸಿನ ಹಿಂದೆ ಕೂತಿರುತ್ತದೆ. ನನ್ನ ಕಾರಿನ ಜೆ ಮಾದರಿಯ ಅನುಪಾತ 0.797. ನಾಲ್ಕನೇ ಗೇರಿನಲ್ಲಿ 70 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 3,400 ಸುತ್ತಿನ ಹತ್ತಿರ ಅರಚುತ್ತಿದ್ದರೆ, ಸ್ವಿಚ್ ಹಾಕಿದ ಮೇಲೆ 2,700ಕ್ಕೆ ಇಳಿಯುತ್ತದೆ. ಒಳಗೆ ಒಂದು ಪುಟ್ಟ ಪಂಪು ಎಣ್ಣೆಯ ಒತ್ತಡ ಕಟ್ಟುತ್ತದೆ. ಆ ಒತ್ತಡ ಪಿಸ್ಟನ್‌ಗಳನ್ನು ತಳ್ಳಿ, ಕೋನ್ ಆಕಾರದ ಕ್ಲಚ್ಚನ್ನು ಹೊರಗಿನ ಬ್ರೇಕ್ ರಿಂಗಿಗೆ ಒತ್ತಿ ಹಿಡಿಯುತ್ತದೆ. ಆಗ ನಡುವಿನ ಸನ್ ಗೇರ್ ನಿಂತುಬಿಡುತ್ತದೆ, ಹೊರಗೆ ಹೋಗುವ ಶಾಫ್ಟ್ ಒಳಗೆ ಬರುವ ಶಾಫ್ಟಿಗಿಂತ ಜೋರಾಗಿ ತಿರುಗುತ್ತದೆ. ಸೊಲೆನಾಯ್ಡ್ ಮಾಡುವುದು ಎಣ್ಣೆಯ ದಾರಿ ತೆರೆದು ಮುಚ್ಚುವ ಕೆಲಸ, ಅಷ್ಟೇ. ಗೇರನ್ನು ಅದು ತಳ್ಳುವುದೂ ಇಲ್ಲ, ಎಳೆಯುವುದೂ ಇಲ್ಲ. ಇದು ತಲೆಯಲ್ಲಿದ್ದರೆ ಅರ್ಧ ಗೊಂದಲ ಮುಗಿಯಿತು.

ಮುಂದೆ ಓದುವ ಮೊದಲು ಒಂದು ಎಚ್ಚರಿಕೆ. ಓವರ್‌ಡ್ರೈವ್ ಹಿಡಿದುಕೊಂಡೇ ಇದ್ದು ಬಿಡುತ್ತಿಲ್ಲ ಅನ್ನುವ ಅನುಮಾನ ಇದ್ದರೆ ರಿವರ್ಸ್ ಗೇರ್ ಹಾಕಬೇಡಿ. ಒಳಗೆ ಸೈಕಲ್ಲಿನ ಫ್ರೀವೀಲ್ ಥರ ಒಂದೇ ದಿಕ್ಕಿಗೆ ತಿರುಗುವ ಕ್ಲಚ್ ಇದೆ. ಕೋನ್ ಬ್ರೇಕ್ ರಿಂಗಿಗೆ ಅಂಟಿಕೊಂಡಿರುವಾಗ ಹಿಂದಕ್ಕೆ ಹೋದರೆ ಅದು ಪುಡಿಯಾಗುತ್ತದೆ. ನ್ಯೂಟ್ರಲ್‌ನಲ್ಲಿ ಹಿಂದಕ್ಕೆ ತಳ್ಳುವುದೂ ಬೇಡ. ಗ್ಯಾರೇಜಿನಿಂದ ಹಿಂದಕ್ಕೇ ಬರಬೇಕು ಅನ್ನುವ ಜಾಗದಲ್ಲಿ ಕಾರು ನಿಂತಿದ್ದರೆ, ಅದು ಬಿಟ್ಟುಕೊಂಡಿದೆ ಅಂತ ಖಾತ್ರಿಯಾಗುವವರೆಗೆ ಅಲ್ಲೇ ಇರಲಿ.

ಯಾವ ಮಾದರಿ ಅಂತ ತಿಳಿದುಕೊಳ್ಳಿ

ಇದು ಗೊತ್ತಿಲ್ಲದೆ ಮೀಟರ್ ಹಿಡಿದರೆ ಅಂಕಿ ನೋಡಿ ಗಾಬರಿಯಾಗುತ್ತೀರಿ. ಟ್ರಯಂಫ್‌ನ ಸ್ಪಿಟ್‌ಫೈರ್ 1500, ಡಾಲಮೈಟ್, 1973ರಿಂದೀಚಿನ ಸ್ಟ್ಯಾಗ್ ಮತ್ತು ಟಿಆರ್6 ಇವುಗಳಲ್ಲಿ ಇರುವುದು ಜೆ ಮಾದರಿ. ಇದರ ಸೊಲೆನಾಯ್ಡ್ ಒಂದೇ ಸುರುಳಿಯದು. ಪಕ್ಕದಲ್ಲಿ ನೇರವಾಗಿ ತಿರುಪಿ ಕೂರಿಸಿರುತ್ತಾರೆ, ಲಿವರ್ ಗಿವರ್ ಏನೂ ಇಲ್ಲ. ಸುಮಾರು 2 ಆಂಪಿಯರ್ ಎಳೆಯುತ್ತದೆ. ಅಂದರೆ 12 ವೋಲ್ಟಿಗೆ 6 ಓಮ್ ಆಸುಪಾಸು.

ಹಳೆಯ ಎ ಮಾದರಿ, ಮತ್ತು 1967ರವರೆಗಿನ ಎಂಜಿಬಿ ಥರದ ಕಾರುಗಳಲ್ಲಿ ಇರುವ ಡಿ ಮಾದರಿಯ ಕಥೆ ಬೇರೆ. ಅವುಗಳ ಸೊಲೆನಾಯ್ಡ್ ಒಳಗೆ ಎರಡು ಸುರುಳಿ. ಒಂದು ಎಳೆಯುವುದಕ್ಕೆ, ಇನ್ನೊಂದು ಎಳೆದದ್ದನ್ನು ಹಿಡಿದಿಡುವುದಕ್ಕೆ. ಎಳೆಯುವ ಕ್ಷಣದಲ್ಲಿ 15ರಿಂದ 20 ಆಂಪಿಯರ್ ಹರಿಯುತ್ತದೆ. ಪ್ಲಂಜರ್ ಪೂರ್ತಿ ಒಳಗೆ ಹೋದ ಕೂಡಲೇ ಒಳಗಿನ ಪಾಯಿಂಟ್ (ಕರೆಂಟ್ ದಾಟುವ ಸಂಪರ್ಕ) ತೆರೆದು ಎಳೆಯುವ ಸುರುಳಿ ಕಟ್ ಆಗುತ್ತದೆ. ಆಮೇಲೆ ಉಳಿಯುವುದು 1ರಿಂದ 2 ಆಂಪಿಯರ್.

ಕ್ಲಿಕ್ ಶಬ್ದವನ್ನು ನಂಬಬೇಡಿ

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಕೆಳಗೆ ಹೋಗುವುದಾದರೆ ಆಕ್ಸಲ್ ಸ್ಟ್ಯಾಂಡ್ ಇಲ್ಲವೇ ರ‍್ಯಾಂಪ್ ಬೇಕೇ ಬೇಕು, ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಸ್ಪಿಟ್‌ಫೈರಿನವರಿಗೆ ಒಂದು ಅನುಕೂಲ ಇದೆ. ಒಳಗಿನ ಕಾರ್ಪೆಟ್ ತೆಗೆದು ಗೇರ್‌ಬಾಕ್ಸಿನ ಮೇಲಿನ ಮುಚ್ಚಳ ಬಿಚ್ಚಿದರೆ ಸೀಟಿನ ಪಕ್ಕದಿಂದಲೇ ಎಲ್ಲ ಕೈಗೆ ಸಿಗುತ್ತದೆ. ಆ ಮುಚ್ಚಳ ರಟ್ಟಿನಂಥದು, ಹಳತಾದರೆ ಮೂಲೆ ಹರಿಯುತ್ತದೆ, ನಿಧಾನವಾಗಿ ಎತ್ತಿ.

ಎಂಜಿನ್ ಆಫ್, ಇಗ್ನಿಷನ್ ಆನ್, ಗೇರ್ ನಾಲ್ಕರಲ್ಲಿ. ಈಗ ಸ್ವಿಚ್ ಹಾಕಿ ತೆಗೆದು ಮಾಡಲು ಒಬ್ಬರು ಬೇಕು. ನಮ್ಮಲ್ಲಿ ನಮ್ಮನೆಯವರು ಸೀಟಿನಲ್ಲಿ, ನಾನು ಕೆಳಗೆ. 'ರೀ, ಹಾಕಿ... ತೆಗೀರಿ... ಇನ್ನೊಂದ್ಸಲ' ಅಂತ ನಾನು ಕೂಗುವುದು, ಅವರು ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಸ್ವಿಚ್ ಆಡಿಸುವುದು. ಕಿವಿಗೆ ಟಕ್ ಅಂತ ಕೇಳಿಸಿದರೆ ಕರೆಂಟ್ ಬರುತ್ತಿದೆ ಅಂತ ಮಾತ್ರ ಅರ್ಥ. ಪ್ಲಂಜರ್ ಪೂರ್ತಿ ಚಲಿಸಿತು ಅಂತಲ್ಲ, ಎಣ್ಣೆಯ ದಾರಿ ಬದಲಾಯಿತು ಅಂತಲೂ ಅಲ್ಲ. ಜೆ ಮಾದರಿಯ ಟಕ್ ಬಹಳ ಮೆಲ್ಲಗೆ ಇರುತ್ತದೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) ಇರುವ ಕಾರಿನಲ್ಲಿ ನಿಮಗೆ ಕೇಳಿಸಿದ್ದು ಬರೀ ರಿಲೇಯ ಶಬ್ದವೂ ಆಗಿರಬಹುದು. ಶಬ್ದ ಕೇಳಿ ತೀರ್ಪು ಕೊಟ್ಟವರೇ ಸುಮ್ನೆ ಹೊಸ ಸೊಲೆನಾಯ್ಡ್ ಕೊಳ್ಳುವುದು.

ಅದಕ್ಕೇ ಆಂಪಿಯರ್ ನೋಡಿ ಅನ್ನುವುದು. ಜೆ ಮಾದರಿಗೆ ಸಾಮಾನ್ಯ ಮಲ್ಟಿಮೀಟರಿನ 10 ಆಂಪ್ ತೂತು ಸಾಕು, ಸೊಲೆನಾಯ್ಡಿಗೆ ಬರುವ ವೈರಿನ ನಡುವೆ ಜೋಡಿಸಿ. ಎ, ಡಿ ಮಾದರಿಗೆ ಹಾಗೆ ಮಾಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಅಲ್ಲಿ ಕ್ಲಾಂಪ್ ಮೀಟರ್ ಬೇಕು. ಕೊಳ್ಳುವಾಗ ಡಿಸಿ ಕರೆಂಟ್ ಅಳೆಯುವಂಥದೇ ಅಂತ ನೋಡಿ ತನ್ನಿ, ಅಗ್ಗದ ಕೆಲವು ಕ್ಲಾಂಪುಗಳು ಎಸಿ ಮಾತ್ರ ತೋರಿಸುತ್ತವೆ.

ಜೆ ಮಾದರಿಯಲ್ಲಿ ಸುಮಾರು 2 ಆಂಪಿಯರ್ ಬಂತಾ? ವೈರು, ಸ್ವಿಚ್, ಸುರುಳಿ ಮೂರೂ ಸರಿ. ಪ್ಲಂಜರ್ ಅಂಟಿಕೊಂಡಿದೆಯಾ, ಎಣ್ಣೆ ಹೇಗಿದೆ ಅಂತ ನೋಡುವುದು ಉಳಿಯಿತು. ಸೊನ್ನೆ ಬಂತಾ? ಎಲ್ಲೋ ಕಡಿದಿದೆ. ಅರ್ಧ ಮುಕ್ಕಾಲು ಆಂಪಿಯರ್ ಬಂದರೆ ದಾರಿಯಲ್ಲಿ ಎಲ್ಲೋ ತುಕ್ಕು ಕೂತಿದೆ.

ಸೊನ್ನೆ ಬಂದಾಗ ಮೊದಲು ಬ್ಯಾಟರಿಯ ಪಾಸಿಟಿವ್‌ನಿಂದ 5 ಆಂಪ್ ಫ್ಯೂಸ್ ಹಾಕಿದ ಒಂದು ವೈರನ್ನು ನೇರ ಸೊಲೆನಾಯ್ಡಿಗೆ ಮುಟ್ಟಿಸಿ. (ಇದು ಜೆ ಮಾದರಿಗೆ. ಎ, ಡಿ ಮಾದರಿ ಎಳೆಯುವ ಕ್ಷಣದಲ್ಲೇ 5 ಆಂಪ್ ಫ್ಯೂಸನ್ನು ಸುಟ್ಟುಹಾಕುತ್ತದೆ.) ನಿಮ್ಮ ಸೊಲೆನಾಯ್ಡಿಗೆ ಎರಡು ವೈರ್ ಇದ್ದರೆ ಒಂದು ಅರ್ತ್, ಅದು ಬಾಡಿಗೆ ಸರಿಯಾಗಿ ಸೇರಿದೆಯಾ ನೋಡಿ. ಒಂದೇ ಇದ್ದರೆ ಅದರ ಮೈಯೇ ಅರ್ತ್. ನೇರ ಕೊಟ್ಟಾಗ 2 ಆಂಪಿಯರ್ ಎಳೆದರೆ ಸೊಲೆನಾಯ್ಡ್ ನಿರಪರಾಧಿ. ಈಗ ಹಿಂದಕ್ಕೆ ಹುಡುಕುತ್ತಾ ಹೋಗಬೇಕು.

ಸ್ಪಿಟ್‌ಫೈರ್ 1500, ಡಾಲಮೈಟ್ ಥರದ ಟ್ರಯಂಫ್ ಕಾರುಗಳಲ್ಲಿ ನಾನು ಮೊದಲು ನೋಡುವುದು ಗೇರ್ ನಾಬ್. ಸ್ವಿಚ್ ಅದರ ಮೇಲೆಯೇ ಇದೆ, ಎರಡು ಸಣ್ಣ ವೈರು ಗೇರ್ ಲಿವರಿನ ಒಳಗಿಂದ ಇಳಿದು ಬುಡದಲ್ಲಿ ಹೊರಗೆ ಬರುತ್ತವೆ. ಪ್ರತಿ ಸಲ ಗೇರ್ ಬದಲಾಯಿಸಿದಾಗಲೂ ಅಲ್ಲಿ ಬಾಗುತ್ತವೆ. ನಲವತ್ತೈದು ವರ್ಷ ಬಾಗಿದರೆ ತಾಮ್ರ ಏನಾಗಬೇಕು ಹೇಳಿ! ಲೆಸ್ಟರಿನಲ್ಲಿರುವ ನನ್ನ ಗೆಳತಿಯ ಗಂಡನ ಡಾಲಮೈಟಿಗೆ ಒಂದು ಗ್ಯಾರೇಜಿನವರು 'ಗೇರ್‌ಬಾಕ್ಸ್ ಇಳಿಸಿ ಓವರ್‌ಡ್ರೈವ್ ಪೂರ್ತಿ ಬಿಚ್ಚಬೇಕು' ಅಂತ ಅಂದಾಜು ಪಟ್ಟಿ ಕೊಟ್ಟಿದ್ದರು. ಲಿವರಿನ ಬುಡದ ಎರಡೂ ವೈರನ್ನು ಒಂದಕ್ಕೊಂದು ಮುಟ್ಟಿಸಿದೆವು, ಟಕ್ ಅಂತು. ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಇತ್ತು, ಒಳಗೆ ತಾಮ್ರ ಕಡಿದಿತ್ತು. ಹೊಸ ವೈರಿಗೆ ಒಂದೆರಡು ಪೌಂಡ್ ಆಗಿರಬಹುದು. ಹಾಕುವಾಗ ತೆಳು ಎಳೆಗಳು ಜಾಸ್ತಿ ಇರುವ, ಮೆತ್ತಗಿನ ವೈರನ್ನೇ ಹಾಕಿ. ಬುಡದಲ್ಲಿ ಸ್ವಲ್ಪ ಸಡಿಲ ಬಿಡಿ.

ಆಮೇಲೆ ಗೇರ್‌ಬಾಕ್ಸಿನ ಮೇಲಿರುವ ತಡೆ ಸ್ವಿಚ್. ಮೂರು, ನಾಲ್ಕನೇ ಗೇರಿನಲ್ಲಿ ಮಾತ್ರ ಕರೆಂಟ್ ಬಿಡುವುದು ಇದರ ಕೆಲಸ. ಇದರ ಕೆಳಗೆ ವಾಷರ್ ಇರುತ್ತವೆ. ಯಾರೋ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದಾಗ ವಾಷರ್ ಜಾಸ್ತಿ ಹಾಕಿದ್ದರೆ ಸ್ವಿಚ್ ಒತ್ತುವುದೇ ಇಲ್ಲ. ಪರೀಕ್ಷೆಗೆ ಇದರ ಎರಡು ವೈರು ಸೇರಿಸಿ ನೋಡಬಹುದು. ಆದರೆ ಹಾಗೇ ಸೇರಿಸಿಟ್ಟು ಓಡಿಸಬೇಡಿ, ರಿವರ್ಸಿನಲ್ಲೂ ಓವರ್‌ಡ್ರೈವ್ ಹಿಡಿಯುತ್ತದೆ, ಅದರ ಫಲ ಆಗಲೇ ಹೇಳಿದ್ದೇನೆ. ರಿವರ್ಸ್ ದೀಪದ ಸ್ವಿಚ್ಚೂ ಅಲ್ಲೇ ಹತ್ತಿರ ಇರುತ್ತದೆ. ವೈರು ಬಿಚ್ಚುವ ಮುಂಚೆ ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ. ಅದಲುಬದಲಾದರೆ ರಿವರ್ಸ್ ಹಾಕಿದಾಗಲೇ ಸೊಲೆನಾಯ್ಡಿಗೆ ಕರೆಂಟ್ ಹೋಗುತ್ತದೆ. ಕೆಲಸ ಮುಗಿದ ಮೇಲೆ ಪ್ರತಿ ಗೇರಿನಲ್ಲೂ ಮೀಟರ್ ಇಟ್ಟು ನೋಡುವುದು ಇದಕ್ಕೇ: ಮೂರು ನಾಲ್ಕರಲ್ಲಿ ಬರಬೇಕು, ಒಂದು ಎರಡು ರಿವರ್ಸಿನಲ್ಲಿ ಬರಕೂಡದು.

ಇನ್ನು ಅರೆಬರೆ ಕರೆಂಟಿನ ವಿಷಯ. ಇದು ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಸೊಲೆನಾಯ್ಡಿನಿಂದ ವೈರ್ ಕಿತ್ತು, ಅದರ ತುದಿಗೆ ಮೀಟರ್ ಇಟ್ಟು '12 ವೋಲ್ಟ್ ಬರ್ತಾ ಇದೆಯಲ್ಲ' ಅನ್ನುತ್ತಾರೆ. ಕರೆಂಟ್ ಹರಿಯದಿರುವಾಗ ತುಕ್ಕು ಹಿಡಿದ ಕನೆಕ್ಟರ್ ಕೂಡ 12 ವೋಲ್ಟ್ ತೋರಿಸುತ್ತದೆ. ವೈರ್ ಜೋಡಿಸಿಯೇ ಇಟ್ಟು, ಸ್ವಿಚ್ ಹಾಕಿ, ಕರೆಂಟ್ ಹರಿಯುತ್ತಿರುವಾಗ ಅಳೆಯಿರಿ. ಬ್ಯಾಟರಿಯಲ್ಲಿ 12.4 ಇದ್ದು ಸೊಲೆನಾಯ್ಡಿನ ಹತ್ತಿರ 9 ಇದ್ದರೆ ನಡುವೆ ಮೂರು ವೋಲ್ಟಿಗಿಂತ ಜಾಸ್ತಿ ಸೋರಿಹೋಗಿದೆ. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕುತ್ತಾರೆ, ಕಾರಿನ ಕೆಳಗಿನ ಕನೆಕ್ಟರ್‌ಗಳಿಗೆ ಅದು ಪರಮ ಶತ್ರು. ಒಂದೊಂದೇ ಜೋಡಣೆಯ ಎರಡೂ ಕಡೆ ಮೀಟರ್ ಕಡ್ಡಿ ಇಡುತ್ತಾ ಹೋಗಿ. ವೋಲ್ಟ್ ಕಾಣಿಸಿದ ಜೋಡಣೆಯೇ ಕಳ್ಳ.

ತಣ್ಣಗಿದ್ದಾಗ ಚೆನ್ನಾಗಿ ಹಿಡಿದು, ಅರ್ಧ ಗಂಟೆ ಓಡಿಸಿದ ಮೇಲೆ ಬಿಟ್ಟುಬಿಡುವ ಕಾಯಿಲೆಗೂ ಇದೇ ಕಾರಣ ಇರಬಹುದು. ತಾಮ್ರ ಬಿಸಿಯಾದಷ್ಟೂ ಅದರ ತಡೆ ಏರುತ್ತದೆ, ಡಿಗ್ರಿಗೆ ಸುಮಾರು 0.4 ಶೇಕಡಾ. 60 ಡಿಗ್ರಿ ಏರಿದರೆ 6 ಓಮಿನ ಸುರುಳಿ 7.4 ಓಮ್ ಆಗುತ್ತದೆ. ಪೂರ್ತಿ 12 ವೋಲ್ಟ್ ಸಿಕ್ಕರೆ ಆಗಲೂ 1.6 ಆಂಪಿಯರ್ ಹರಿಯುತ್ತದೆ. 9 ವೋಲ್ಟೇ ಸಿಕ್ಕರೆ 1.2ಕ್ಕೆ ಇಳಿಯುತ್ತದೆ, ಎಳೆಯುವ ಶಕ್ತಿ ಸೋತುಹೋಗುತ್ತದೆ. ಹಾಗಾಗಿ ಬಿಟ್ಟುಬಿಟ್ಟ ಕೂಡಲೇ, ತಣ್ಣಗಾಗಲು ಬಿಡದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅಳೆಯಬೇಕು. ಮನೆಗೆ ಬಂದು ಮರುದಿನ ನೋಡಿದರೆ ಎಲ್ಲ ಸರಿ ಇರುತ್ತದೆ. ಬಿಸಿಯಲ್ಲೂ ಆಂಪಿಯರ್ ಸರಿ ಇದ್ದು ಓವರ್‌ಡ್ರೈವ್ ಬಿಟ್ಟಿದ್ದರೆ, ಎಣ್ಣೆ ತೆಳುವಾಗಿ ಒತ್ತಡ ಬೀಳುತ್ತಿದೆ.

ಸೊಲೆನಾಯ್ಡ್ ತೆಗೆಯಲೇಬೇಕಾದರೆ

ಜೆ ಮಾದರಿಯದಕ್ಕೆ 1 ಇಂಚಿನ ತೆಳ್ಳನೆ ಸ್ಪ್ಯಾನರ್ ಬೇಕು. ಅಂಗಡಿಯ ಸಾಮಾನ್ಯ ಸ್ಪ್ಯಾನರ್ ದಪ್ಪ, ಜಾಗದಲ್ಲಿ ಕೂರುವುದಿಲ್ಲ. ನಾನು ಹಳೇದೊಂದನ್ನು ಗ್ರೈಂಡರಿನಲ್ಲಿ ಸವೆಸಿ ಇಟ್ಟುಕೊಂಡಿದ್ದೇನೆ. ಪೈಪ್ ರೆಂಚಿನಲ್ಲಿ ಸೊಲೆನಾಯ್ಡಿನ ಹೊಟ್ಟೆ ಹಿಡಿದು ತಿರುಪಬೇಡಿ, ತಗಡು ನಜ್ಜಾಗಿ ಒಳಗಿನ ಸುರುಳಿ ಹಾಳಾಗುತ್ತದೆ. ಬಿಚ್ಚಿದಾಗ ಎಣ್ಣೆ ಸುರಿಯುತ್ತದೆ, ಕೆಳಗೆ ತಟ್ಟೆ ಇಡಿ.

ಹೊರಗೆ ತೆಗೆದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಚೆನ್ನಾಗಿ ಒರೆಸಿ, ಒಣಗಿದ ಮೇಲೆ, ಸೀಮೆಎಣ್ಣೆಯ ಡಬ್ಬಿಯನ್ನು ದೂರ ಇಟ್ಟು, ಬ್ಯಾಟರಿ ಕೊಟ್ಟು ನೋಡಿ. ಪ್ಲಂಜರ್ ಫಟ್ಟನೆ ಪೂರ್ತಿ ಚಲಿಸಬೇಕು, ಕರೆಂಟ್ ತೆಗೆದ ಕೂಡಲೇ ಫಟ್ಟನೆ ವಾಪಸ್ ಬರಬೇಕು. ತೇಕುತ್ತಾ ಹೋದರೆ ಇನ್ನೊಮ್ಮೆ ತೊಳೆಯಿರಿ. ಕಪ್ಪು ಜಿಡ್ಡು ಹೋದ ಮೇಲೆ ಸರಿಯಾಗುವುದೇ ಹೆಚ್ಚು. ಓ ರಿಂಗ್‌ಗಳನ್ನು (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಹೊಸದು ಹಾಕಿ, ಹಳೇದು ನೋಡಲು ಚೆನ್ನಾಗಿದ್ದರೂ ಗಟ್ಟಿಯಾಗಿರುತ್ತವೆ, ಅಲ್ಲಿಂದ ಒತ್ತಡ ಸೋರುತ್ತದೆ. ಕೂರಿಸುವಾಗ ಕೈಯಲ್ಲೇ ಪೂರ್ತಿ ತಿರುಪಿ, ಕೊನೆಗೆ ಸ್ಪ್ಯಾನರಿನಿಂದ ಸ್ವಲ್ಪ ಒತ್ತಿದರೆ ಸಾಕು. ಓವರ್‌ಡ್ರೈವಿನ ಹೊರಗಿನ ಮೈ ಅಲ್ಯೂಮಿನಿಯಂ. ಅದರ ತಿರುಪಿನ ಥ್ರೆಡ್ ಕಿತ್ತುಹೋದರೆ ಆಮೇಲೆ ದೊಡ್ಡ ಖರ್ಚು.

ಎ, ಡಿ ಮಾದರಿಯಲ್ಲಿ ಸೊಲೆನಾಯ್ಡ್ ಸುಟ್ಟುಹೋಗುವುದು ನಿಜ, ಆದರೆ ತಾನಾಗಿ ಅಲ್ಲ. ಸ್ವಿಚ್ ಹಾಕಿ ಒಂದು ಕ್ಷಣದ ನಂತರವೂ ಕ್ಲಾಂಪ್ ಮೀಟರ್ 15ರಿಂದ 20 ಆಂಪಿಯರ್ ತೋರಿಸುತ್ತಿದ್ದರೆ ಕೂಡಲೇ ಆಫ್ ಮಾಡಿ. ಪ್ಲಂಜರ್ ಕೊನೆಯವರೆಗೆ ಹೋಗುತ್ತಿಲ್ಲ, ಪಾಯಿಂಟ್ ತೆರೆಯುತ್ತಿಲ್ಲ. ಮುಷ್ಟಿ ಗಾತ್ರದ ಡಬ್ಬಿಯೊಳಗೆ 200 ವ್ಯಾಟ್ ಉರಿಯುತ್ತಿದೆ, ಸ್ವಲ್ಪ ಹೊತ್ತಿನಲ್ಲೇ ವಾಸನೆ ಬರುತ್ತದೆ. ಕಾರಣ, ಪ್ಲಂಜರಿನ ಚಲನೆಯನ್ನು ಎಣ್ಣೆಯ ವಾಲ್ವಿಗೆ ಮುಟ್ಟಿಸುವ ಲಿವರಿನ ಹೊಂದಾಣಿಕೆ ತಪ್ಪಿರುವುದು. ಇದನ್ನು ಸರಿಮಾಡದೆ ಹೊಸ ಸೊಲೆನಾಯ್ಡ್ ಹಾಕಿದರೆ ಅದೂ ಸುಡುತ್ತದೆ.

ಹೊಂದಾಣಿಕೆಗೆ ಲಿವರಿನಲ್ಲಿ ಒಂದು ತೂತು, ಅದರ ಹಿಂದೆ ಓವರ್‌ಡ್ರೈವಿನ ಮೈಯಲ್ಲಿ ಒಂದು ತೂತು ಇಟ್ಟಿದ್ದಾರೆ. 3/16 ಇಂಚಿನ ಕಡ್ಡಿ ಎರಡರಲ್ಲೂ ತೂರಬೇಕು. ಅದೇ ಅಳತೆಯ ಡ್ರಿಲ್ ಬಿಟ್ಟಿನ ಹಿಂಭಾಗ ಸಾಕು. ಡಿ ಮಾದರಿಯಲ್ಲಿ ಕಡ್ಡಿ ತೂರಿಸಿ ಲಿವರನ್ನು ನಿಲ್ಲಿಸಿ, ಪ್ಲಂಜರನ್ನು ಪೂರ್ತಿ ಒಳಗೆ ತಳ್ಳಿ ಹಿಡಿದು, ಅದರ ನಟ್ಟನ್ನು ಲಿವರಿನ ಕವೆಗೆ ತಾಗುವವರೆಗೆ ಮಾತ್ರ ತಿರುಪಿ. ಕಡ್ಡಿ ತೆಗೆದು ಸ್ವಿಚ್ ಹಾಕಿ ತೆಗೆದು ಮಾಡಿ. ಹಾಕಿದಾಗ ತೂತುಗಳು ಮತ್ತೆ ಒಂದೇ ಸಾಲಿಗೆ ಬರಬೇಕು, ಕರೆಂಟ್ 1-2 ಆಂಪಿಯರಿಗೆ ಇಳಿಯಬೇಕು. ಎ ಮಾದರಿಯಲ್ಲೂ ತತ್ವ ಇದೇ, ಅಲ್ಲಿ ಲಿವರಿನ ಕ್ಲಾಂಪ್ ಬೋಲ್ಟ್ ಸಡಿಲಿಸಿ ಹೊಂದಿಸುತ್ತಾರೆ. ಅಂದಹಾಗೆ 1967ರವರೆಗಿನ ಎಂಜಿಬಿಗಳು ಪಾಸಿಟಿವ್ ಅರ್ತ್ ಕಾರುಗಳು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುತ್ತದೆ. ಸೊಲೆನಾಯ್ಡಿಗೆ ಅದರಿಂದ ವ್ಯತ್ಯಾಸವಿಲ್ಲ, ಆದರೆ ಒಳಗೆ ಡಯೋಡ್ ಇರುವ ಈಗಿನ ರಿಲೇ ಹಾಕಿದರೆ ಉಲ್ಟಾ ಹೊಡೆಯುತ್ತದೆ.

ಕರೆಂಟ್ ಸರಿ, ಆದರೂ ಹಿಡಿಯುತ್ತಿಲ್ಲ

ಎಣ್ಣೆ ನೋಡಿ. ಓವರ್‌ಡ್ರೈವ್ ಮತ್ತು ಗೇರ್‌ಬಾಕ್ಸ್ ಎರಡಕ್ಕೂ ಒಂದೇ ಎಣ್ಣೆ. ಮಟ್ಟ ಸ್ವಲ್ಪ ಇಳಿದರೂ ಪಂಪು ಗಾಳಿ ಎಳೆಯುತ್ತದೆ. ನನ್ನ ಟ್ರಯಂಫಿಗೆ ಜಿಎಲ್-4 ಗೇರ್ ಎಣ್ಣೆ, ಎಂಜಿಬಿಗೆ 20ಡಬ್ಲ್ಯು-50 ಎಂಜಿನ್ ಎಣ್ಣೆ. ನಿಮ್ಮ ಕಾರಿನ ಹ್ಯಾಂಡ್‌ಬುಕ್ ಏನು ಹೇಳುತ್ತದೋ ಅದನ್ನೇ ಹಾಕಿ. ಘರ್ಷಣೆ ಕಡಿಮೆ ಮಾಡುತ್ತೇವೆ ಅನ್ನುವ ಬಾಟಲಿ ಔಷಧ ಯಾವುದೂ ಬೇಡ. ಕೋನ್ ಕ್ಲಚ್ ಬದುಕಿರುವುದೇ ಘರ್ಷಣೆಯ ಮೇಲೆ. ಕೆಳಗಿನ ತಟ್ಟೆ ಬಿಚ್ಚಿ ಜಾಲರಿ ಫಿಲ್ಟರ್ ತೊಳೆಯಿರಿ. ಮಸಿಯಂಥ ಬೂದು ಪುಡಿ ಇದ್ದರೆ ಸಹಜ ಸವಕಳಿ. ಮಿನುಗುವ ಲೋಹದ ಚೂರು ಸಿಕ್ಕರೆ ಅಲ್ಲಿಗೆ ನಿಲ್ಲಿಸಿ, ಅದು ಅಂಗಳದಲ್ಲಿ ಆಗುವ ಕೆಲಸವಲ್ಲ. ಒಳಗಿನ ವಾಲ್ವ್‌ಗಳ ಬಿರಡೆಗೆ ಎರಡು ಸಣ್ಣ ತೂತು ಇರುತ್ತವೆ, ಅದಕ್ಕೆಂದೇ ಇರುವ ಟೂಲ್ ಬಳಸಿ. ಉಳಿ ಸುತ್ತಿಗೆಯಲ್ಲಿ ಹೊಡೆದು ತಿರುಗಿಸಿದ ಗುರುತು ಎಷ್ಟೋ ಕಾರುಗಳಲ್ಲಿ ಕಾಣುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಿಡಿದದ್ದು ಬಿಡುತ್ತಿಲ್ಲ ಅನ್ನುವ ಕೇಸಿನಲ್ಲಿ ಮೊದಲು ಸೊಲೆನಾಯ್ಡಿನ ವೈರ್ ಕಿತ್ತು ನೋಡಿ. ಆಗ ಬಿಟ್ಟರೆ ಸ್ವಿಚ್ಚಿನಲ್ಲೋ ವೈರಿನಲ್ಲೋ ಶಾರ್ಟ್ ಇದೆ. ಆಗಲೂ ಬಿಡದಿದ್ದರೆ ಪ್ಲಂಜರ್ ಅಂಟಿದೆ, ಇಲ್ಲವೇ ಕೋನ್ ಅಂಟಿದೆ. ಬಹಳ ದಿನ ನಿಂತ ಕಾರಿನಲ್ಲಿ ಕೋನ್ ಅಂಟುವುದುಂಟು. ಹೊರಗಿನ ಬ್ರೇಕ್ ರಿಂಗಿಗೆ ಚರ್ಮದ ಇಲ್ಲವೇ ರಬ್ಬರಿನ ಸುತ್ತಿಗೆಯಿಂದ ಸುತ್ತಲೂ ತಟ್ಟಿದರೆ ಬಿಡಬಹುದು.

ಎಣ್ಣೆ ಹೊಸದಾಗಿ ತುಂಬಿದ್ದರೆ ಸ್ವಲ್ಪ ದೂರ ಓಡಿಸಿ ಬಂದು ಮಟ್ಟ ಮತ್ತೆ ನೋಡಬೇಕು, ಓವರ್‌ಡ್ರೈವ್ ತನ್ನ ಪಾಲು ಹೀರಿಕೊಂಡಿರುತ್ತದೆ. ಪರೀಕ್ಷೆ ರಸ್ತೆಯಲ್ಲೇ ಮಾಡಿ. ಚಕ್ರ ಎತ್ತಿ, ಎಂಜಿನ್ ಓಡಿಸಿ, ಕೆಳಗೆ ಮಲಗಿ ನೋಡುವ ಸಾಹಸ ಬೇಡ. ನಾಲ್ಕನೇ ಗೇರಿನಲ್ಲಿ 45 ಮೈಲಿಯ ಹತ್ತಿರ, ಆಕ್ಸಿಲರೇಟರ್ ಹದವಾಗಿ ಒತ್ತಿಟ್ಟು ಸ್ವಿಚ್ ಹಾಕಿ ಟ್ಯಾಕೋಮೀಟರ್ ನೋಡಿ. ಸುತ್ತು ಐದನೇ ಒಂದು ಪಾಲು ಇಳಿದು ಅಲ್ಲೇ ನಿಲ್ಲಬೇಕು. ಇಳಿದು ಮತ್ತೆ ಮೆಲ್ಲಗೆ ಏರಿದರೆ ಕೋನ್ ಜಾರುತ್ತಿದೆ. ಸ್ವಿಚ್ ಹಾಕಿ ಒಂದೆರಡು ಸೆಕೆಂಡ್ ಆದ ಮೇಲೂ ಹಿಡಿಯದೆ, ಆಮೇಲೆ ಧಡಕ್ಕನೆ ಹಿಡಿದರೆ ಒತ್ತಡ ನಿಧಾನ ಕಟ್ಟುತ್ತಿದೆ. ವಾಪಸ್ ಬಂದು ಫಿಲ್ಟರ್ ಮತ್ತು ಓ ರಿಂಗ್ ಮತ್ತೆ ನೋಡಿ. ಸೊಲೆನಾಯ್ಡನ್ನು ಮುಟ್ಟಬೇಡಿ, ಅದರ ಆಂಪಿಯರ್ ನೀವು ಆಗಲೇ ನೋಡಿದ್ದೀರಿ.